ಸೋಬೊಲೋಖ್ ಕೆರೆಯ ಲಾರಿಯಲ್ಲಿ ಸಿಕ್ಕ ಡಬ್ಬಿಯ ಬಗ್ಗೆ

ಹೆಸರು: ಗವ್ರೀಲ್ ತರಬೂಕಿನ್, ತಂದೆ ಸ್ಪಿರಿದೋನ್ ತರಬೂಕಿನ್
ವಯಸ್ಸು: 54 ವರ್ಷ
ಕಸುಬು: ಹಡಗು ರಿಪೇರಿ ಕಟ್ಟೆಯಲ್ಲಿ ಮಂಜುಗಡ್ಡೆ ಕಡಿಯುವ ಕೆಲಸ
ವಾಸ: ಮನೆ ನಂಬರ್ 17, ಕೆರೆ ಬೀದಿ, ತಿತ್ತೆಖ್ ಗ್ರಾಮ, ಯಾಕೂತಿಯಾ

ತಾವು ಕೇಳಿದ್ದಕ್ಕೆ ಯಾರ ಬಲವಂತವೂ ಇಲ್ಲದೆ ನಾನಾಗಿಯೇ ತಿಳಿಸುವುದೇನೆಂದರೆ, ನಾನು ಮೇಲ್ಕಂಡ ವಿಳಾಸದಲ್ಲಿ ನನ್ನ ತಂದೆಯವರ ಜೊತೆ ವಾಸವಾಗಿರುತ್ತೇನೆ. ಇಂದು ದಿನಾಂಕ 14-03-2019 ರಂದು ಬೆಳಿಗ್ಗೆ 11-10 ಗಂಟೆಗೆ ಠಾಣೆಗೆ ಬಂದಿರುತ್ತೇನೆ. ನನ್ನನ್ನು ಯಾರೂ ಹಿಡಿದು ತಂದಿಲ್ಲ, ಇದನ್ನು ಬರೆದುಕೊಳ್ಳಬೇಕು. ನಮ್ಮ ಬೀದಿಯ 22ನೇ ನಂಬರಿನ ಮನೆಯ ಅಗಾಫ್ಯಾ ವಿನಕೂರೊವಾ, ವಯಸ್ಸು 74, ನಿವೃತ್ತ ಶಿಕ್ಷಕಿ, ಇವರು ನನ್ನ ಮೇಲೆ ದೂರು ಕೊಟ್ಟಿರುತ್ತಾರೆ. ಕೆರೆಯಿಂದ ತೆಗೆದ ಹಳೇ ಮಿಲಿಟರಿ ಲಾರಿಯಿಂದ ನಾನು ಒಂದು ಡಬ್ಬಿ ಎತ್ತಿಕೊಂಡು ಬಚ್ಚಿಟ್ಟಿದ್ದೇನೆ ಎಂಬುದು ದೂರು. ದೂರು ನಿಜ. ಡಬ್ಬಿ ನಾನೇ ಎತ್ತಿಕೊಂಡೆ.

ಡಬ್ಬಿ ತೆಗೆದ ದಿನದಿಂದ ಹೇಳಿದರೆ ಸಾಕು ಎಂದು ತಾವು ಹೇಳಿದಿರಿ. ಸಾಲದು ಸ್ವಾಮಿ. ಅಲ್ಲಿಂದ ಹೇಳಿದರೆ ನಾನೊಬ್ಬ ಕಳ್ಳ ಅಂತ ಆಗುತ್ತದೆ, ಅಷ್ಟೇ. ಮೊದಲಿನಿಂದ ಹೇಳುತ್ತೇನೆ. ಕುರ್ಚಿ ಬೇಡ, ಎಂಟು ದಿನದಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ, ಓಡಾಡುತ್ತಲೇ ಹೇಳುತ್ತೇನೆ.

ಲಾರಿ ಅಮೆರಿಕದ್ದು, ಆರು ಚಕ್ರದ ಮಿಲಿಟರಿ ಲಾರಿ. ಯುದ್ಧದ ಕಾಲದಲ್ಲಿ ಹಡಗಿನಲ್ಲಿ ಬಂದದ್ದು. ಯುದ್ಧ ಮುಗಿದ ಮೇಲೆ ಸೈನ್ಯದವರು ನಮ್ಮೂರಿನ ಸಾಮೂಹಿಕ ಬೇಸಾಯ ಸಂಘಕ್ಕೆ ಬಿಟ್ಟುಹೋಗಿರುತ್ತಾರೆ. 1958ನೇ ಇಸವಿಯಲ್ಲಿ ಅದರ ಡ್ರೈವರ್ ನನ್ನ ತಂದೆ, ಆಗ ಅವರಿಗೆ 20 ವರ್ಷ. ಸಂಘದ ಅಧ್ಯಕ್ಷರು ಯೆಫ್ರೇಮ್ ವಿನಕೂರೊವ್, ದೂರುದಾರರ ತಂದೆ. ಸಂಘದ ಕಚೇರಿಯ ಗುಮಾಸ್ತೆ ಅವರ ಹೆಂಡತಿ ಫೆವ್ರೋನ್ಯಾ, ದೂರುದಾರರ ತಾಯಿ.

ಚಳಿಗಾಲದಲ್ಲಿ ಜಿಲ್ಲಾ ಕೇಂದ್ರಕ್ಕೆ ಹೆಪ್ಪುಗಟ್ಟಿದ ಕೆರೆಯ ಮೇಲೇ ದಾರಿ, 6 ಕಿಲೋಮೀಟರು. ಕೆರೆ ಸುತ್ತಿ ಹೋದರೆ 31. ಆ ವರ್ಷ ಮೇ 1ರಿಂದ ಕೆರೆಯ ದಾರಿ ಮುಚ್ಚಿ, ಕಂಬಕ್ಕೆ ಹಲಗೆ ಹೊಡೆದಿದ್ದರು. ದಿನಾಂಕ 11-05-1958, ಭಾನುವಾರ, ಬೆಳಿಗ್ಗೆ ಸುಮಾರು 10-30ಕ್ಕೆ ನನ್ನ ತಂದೆ ಫೆವ್ರೋನ್ಯಾ ಅವರನ್ನು ಕೂರಿಸಿಕೊಂಡು ಆ ಮುಚ್ಚಿದ ದಾರಿಯಲ್ಲೇ ಹೋದರು. ಲಾರಿ ಮುಳುಗಿತು. ಮಂಜುಗಡ್ಡೆಯ ಮೇಲೆ ಹೋಗುವಾಗ ನಮ್ಮಲ್ಲಿ ಎರಡೂ ಬಾಗಿಲು ತೆರೆದು ಹಗ್ಗದಲ್ಲಿ ಹಿಂದಕ್ಕೆ ಕಟ್ಟಿರುತ್ತಾರೆ, ಬಿರುಕಿನ ಸದ್ದು ಕೇಳಿದರೆ ಹಾರಿಕೊಳ್ಳಲಿ ಅಂತ. ನನ್ನ ತಂದೆ ಹಾರಿದರು. ಆಯಮ್ಮ ಕಾಲಿಗೆ ಗಾಳಿ ಹೊಡೆಯುತ್ತದೆ ಎಂದು ತಮ್ಮ ಕಡೆಯ ಹಗ್ಗ ಬಿಚ್ಚಿ ಬಾಗಿಲು ಹಾಕಿಕೊಂಡಿದ್ದರು. ಮೂರನೇ ದಿನ ಕೊಕ್ಕೆ ಹಾಕಿ ಹೆಣ ಎಳೆದರು. ಲಾರಿ ಎಳೆಯಲು ಆಗಲಿಲ್ಲ.

ವಿಚಾರಣೆಯಲ್ಲಿ ನನ್ನ ತಂದೆ ಹೇಳಿದ್ದು ಒಂದೇ ಮಾತು. ಆದೇಶ ಇತ್ತು, ಬರವಣಿಗೆಯಲ್ಲಿ ಇತ್ತು, ಸೀಟಿನ ಕೆಳಗೆ ಡಬ್ಬಿಯಲ್ಲಿದೆ. ಅಧ್ಯಕ್ಷರು ಹೇಳಿದ್ದೂ ಒಂದೇ ಮಾತು. ನಾನು ಆದೇಶ ಕೊಟ್ಟಿಲ್ಲ, ಶನಿವಾರದಿಂದ ನಾನು 40 ಕಿಲೋಮೀಟರು ಆಚೆ ಕುದುರೆ ದೊಡ್ಡಿಯಲ್ಲಿದ್ದೆ. ಊರವರು ಶನಿವಾರವೇ ಬರೆದಿಟ್ಟು ಹೋಗಿದ್ದಾನೆ ಬಿಡಿ ಅಂದರು. ಕಾಗದ ನೀರಿನಡಿಯಲ್ಲಿ. ನನ್ನ ತಂದೆಗೆ ಮೂರು ವರ್ಷ ಜೈಲಾಯಿತು. ಅಧ್ಯಕ್ಷರ ಹುದ್ದೆ ಹೋಯಿತು, ಕುಡಿತಕ್ಕೆ ಬಿದ್ದರು, 1961ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರು ಸತ್ತು ಮೂರು ತಿಂಗಳಿಗೆ ನನ್ನ ತಂದೆ ಬಿಡುಗಡೆಯಾಗಿ ಬಂದರು.

ಆವತ್ತಿನಿಂದ ಊರಲ್ಲಿ ಅರ್ಧ ಜನ ಡ್ರೈವರ್ ಸುಳ್ಳ ಅನ್ನುತ್ತಾರೆ, ಅರ್ಧ ಜನ ಅಧ್ಯಕ್ಷ ಸುಳ್ಳ ಅನ್ನುತ್ತಾರೆ. 17ನೇ ನಂಬರಿನ ಮನೆಗೂ 22ನೇ ನಂಬರಿನ ಮನೆಗೂ ನಡುವೆ 26 ಹೆಜ್ಜೆ. ಅರವತ್ತು ವರ್ಷ ಒಬ್ಬರು ಇನ್ನೊಬ್ಬರ ಮನೆಯಿಂದ ಒಂದು ಚಿಟಿಕೆ ಉಪ್ಪು ಕೇಳಿಲ್ಲ. ಅಗಾಫ್ಯಾ ಟೀಚರ್ ನನಗೆ ಒಂದರಿಂದ ನಾಲ್ಕನೇ ತರಗತಿವರೆಗೆ ಪಾಠ ಮಾಡಿದ್ದಾರೆ. ನಾಲ್ಕು ವರ್ಷದಲ್ಲಿ ನನ್ನ ಹೆಸರು ಒಂದು ಸಲವೂ ಕರೆದಿಲ್ಲ. ಏ ಮೂರನೇ ಬೆಂಚು, ಎದ್ದು ನಿಂತ್ಕೋ, ಇಷ್ಟೇ. ಲೆಕ್ಕ ಸರಿ ಮಾಡಿದರೂ ಅಷ್ಟೇ, ತಪ್ಪು ಮಾಡಿದರೂ ಅಷ್ಟೇ. ನನಗೆ ಆಗಲೂ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಆದರೆ ಕಲಿಸಿದ್ದು ಚೆನ್ನಾಗಿ ಕಲಿಸಿದರು, ಅದನ್ನೂ ಬರೆದುಕೊಳ್ಳಿ.

ಈಚಿನ ವರ್ಷಗಳಲ್ಲಿ ಕೆರೆ ಇಂಗುತ್ತಾ ಬಂದಿದೆ. ದಿನಾಂಕ 22-09-2018 ರಂದು ನನ್ನ ಗೆಳೆಯ ಮಕಾರ್ ಬಾತುಕೋಳಿ ಬೇಟೆಗೆ ಹೋದವನು ಹಳೇ ದಡದಿಂದ 120 ಮೀಟರು ಒಳಗೆ ಕೆಸರಿನಲ್ಲಿ ಲಾರಿಯ ತಲೆ ಕಾಣುತ್ತಿರುವುದನ್ನು ನೋಡಿ ಬಂದು ಹೇಳಿದನು. ಜಿಲ್ಲಾ ವಸ್ತುಸಂಗ್ರಹಾಲಯದವರು ಯುದ್ಧದ ಕಾಲದ ಲಾರಿ ನಮಗೆ ಬೇಕು, ತೆಗೆದುಕೊಡುವವರು ಯಾರಾದರೂ ಇದ್ದಾರಾ ಎಂದು ಗ್ರಾಮ ಕಚೇರಿಗೆ ಪತ್ರ ಬರೆದರು. ಬೇಸಿಗೆಯಲ್ಲಿ ಆ ಕೆಸರಿಗೆ ಕ್ರೇನ್ ಇಳಿದರೆ ಕ್ರೇನೂ ಹೋಗುತ್ತದೆ. ಚಳಿಗಾಲದಲ್ಲಿ ಕಟ್ಟಿ ಎಳೆದರೆ ಅರ್ಧ ಲಾರಿ ಮೇಲೆ, ಅರ್ಧ ನೆಲದಲ್ಲಿ. ನಾನು ತೆಗೆಯುತ್ತೇನೆ ಎಂದು ಹೇಳಿದೆನು.

ನಮ್ಮ ಕಸುಬು ಏನೆಂದರೆ, ನದಿಯಲ್ಲಿ ಹೆಪ್ಪುಗಟ್ಟಿ ನಿಂತ ಹಡಗಿನ ಸುತ್ತ ಪಿಕಾಸಿಯಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಗಡ್ಡೆ ಕಡಿಯುವುದು. ತಳದಲ್ಲಿ ಒಂದು ಗೇಣು ಉಳಿಸಿ ನಿಲ್ಲಿಸಬೇಕು. ಮರುದಿನದ ಹೊತ್ತಿಗೆ ಚಳಿ ಇನ್ನಷ್ಟು ಕೆಳಗಿಳಿದು ಅಡಿಯ ನೀರನ್ನು ಗಟ್ಟಿ ಮಾಡಿರುತ್ತದೆ. ಮತ್ತೆ ಒಂದು ಗೇಣು ಕಡಿಯುವುದು, ಮತ್ತೆ ಒಂದು ಗೇಣು ಬಿಡುವುದು. ಹೀಗೆ ಹಡಗಿನ ತಳದವರೆಗೂ ಒಣ ಹೊಂಡ ಮಾಡಿಕೊಂಡು ಹೋಗುತ್ತೇವೆ. ಅಲ್ಲಿ ಕೆಲಸ ಮಾಡುವುದು ಚಳಿ, ನಾವು ಅದರ ಕೂಲಿಗಳು. ಅವಸರ ಮಾಡಿದವನು ಆ ಕೆಲಸಕ್ಕೆ ನಾಲಾಯಕ್ಕು. ನಾನು 31 ವರ್ಷದಲ್ಲಿ ಒಂದು ಸಲವೂ ಕಟ್ಟೆಯ ಹೊಂಡಕ್ಕೆ ನೀರು ಬಿಟ್ಟವನಲ್ಲ. ಕೆಸರಿನಲ್ಲೂ ಅದೇ ಲೆಕ್ಕ.

ದಿನಾಂಕ 30-11-2018 ರಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ತಂದೆಗೆ ತಿಳಿಸಿದೆನು. ಕುಣಿಯುತ್ತಾರೆ ಅಂದುಕೊಂಡಿದ್ದೆ. ಅವರು ಸಾರಿನ ಬಟ್ಟಲು ಪಕ್ಕಕ್ಕಿಟ್ಟು, ಬಿಡೋ, ಅದು ಅಲ್ಲೇ ಇರಲಿ ಅಂದರು. ಅಪ್ಪಾ, ಡಬ್ಬಿ ಸಿಗುತ್ತೆ, ನಿನ್ನ ಹೆಸರು ಉಳಿಯುತ್ತೆ ಎಂದೆ. ಹೆಸರು ಕಟ್ಕೊಂಡು ನಾನೇನ್ ಮಾಡ್ಲಿ, ಎಂಬತ್ತೊಂದಾಯ್ತು ಅಂದರು. ಮುದುಕರ ಹೆದರಿಕೆ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಹೃದಯದ ಕಾಯಿಲೆ ಇದ್ದು, ಊರಿನ ನರ್ಸಮ್ಮ ಮುಂದಿನ ಬೇಸಿಗೆ ನೋಡಿದರೆ ಹೆಚ್ಚು ಎಂದು ನನಗೆ ಬೇರೆಯಾಗಿ ಹೇಳಿದ್ದರು. ಕಟ್ಟೆಯಲ್ಲಿ ಕೆಲಸ ಬಿರುಸಾಗಿರುವ ತಿಂಗಳುಗಳಲ್ಲೇ ರಜೆ ಕೇಳಿದ್ದಕ್ಕೆ ಮೇಸ್ತ್ರಿ ನನಗೆ ಬಾಯಿಗೆ ಬಂದಂತೆ ಬೈದು ರಜೆ ಕೊಟ್ಟನು.

ದಿನಾಂಕ 11-01-2019 ರಂದು ಬೆಳಿಗ್ಗೆ 10-00 ಗಂಟೆಗೆ ನಾನು ಮತ್ತು ಮಕಾರ್ ಕೆಲಸ ಶುರು ಮಾಡಿದೆವು. ಚಳಿ ಮೈನಸ್ 48. ನೆಲ ಮುಟ್ಟುವ ಮುಂಚೆ ನಮ್ಮ ಪದ್ಧತಿಯಂತೆ ಬೆಂಕಿ ಹಾಕಿ, ದೋಸೆಗೆ ಬೆಣ್ಣೆ ಹಚ್ಚಿ ಬೆಂಕಿಗೆ ಕೊಟ್ಟೆವು. ನಾಲ್ಕನೇ ದಿನ, 14ರಂದು, ಅಗಾಫ್ಯಾ ಟೀಚರ್ ಕೋಲೂರಿಕೊಂಡು ಬಂದು, ಹೊಂಡದಿಂದ 15 ಮೀಟರು ದೂರದಲ್ಲಿ ಮಡಿಸುವ ಕುರ್ಚಿ ಹಾಕಿ, ತೋಳದ ತುಪ್ಪಳದ ಕೋಟು ಹೊದ್ದು ಕೂತರು. ಏನು ಟೀಚರ್, ಮೀನು ಹಿಡಿಯೋಕೆ ಬಂದ್ರಾ ಎಂದು ಮಕಾರ್ ಕೇಳಿದನು. ಕಳ್ಳರನ್ನ ಕಾಯೋಕೆ ಬಂದೆ, ನೀವು ನಿಮ್ಮ ಕೆಲಸ ನೋಡ್ಕೊಳಿ ಎಂದು ಹೇಳಿದರು. ಅಂದಿನಿಂದ ದಿನಾಲೂ 11 ಗಂಟೆಗೆ ಬರುವುದು, 1 ಗಂಟೆಗೆ ಹೋಗುವುದು. ಎರಡು ಗಂಟೆ ಹೊತ್ತು ಒಂದು ಕಡೆ ಕೂತು ನನ್ನ ಬೆನ್ನು ನೋಡುತ್ತಿದ್ದರು. ಅವರು ಕೂತಷ್ಟು ಹೊತ್ತು ನನ್ನ ಕೈ ನೆಟ್ಟಗೆ ಓಡುತ್ತಿರಲಿಲ್ಲ.

ದಿನಾ ಒಂದೊಂದು ಮಾತು. ಏ ಮೂರನೇ ಬೆಂಚು, ಒಂದು ಗೇಣು ಕಡಿಯೋಕೆ ಒಂದು ದಿನಾನಾ? ಏ ಮೂರನೇ ಬೆಂಚು, ಪಿಕಾಸಿ ಹಿಡಿದಿದೀಯೋ, ಚಮಚ ಹಿಡಿದಿದೀಯೋ? ನಾನೂ ಬಿಡಲಿಲ್ಲ. ಟೀಚರ್, ಅವಸರ ಇದ್ರೆ ಇಳೀರಿ, ಇನ್ನೊಂದು ಪಿಕಾಸಿ ಇದೆ ಅಂದೆ. ಮಕಾರ್ ನಕ್ಕು ನಕ್ಕು ಅವನ ರೆಪ್ಪೆಯ ನೀರು ಹೆಪ್ಪುಗಟ್ಟಿತು. ಅರವತ್ತು ವರ್ಷದಲ್ಲಿ ಎರಡೂ ಮನೆಗಳ ನಡುವೆ ಅಷ್ಟು ಮಾತು ಆಡಿದ್ದು ಅದೇ ಮೊದಲು.

ದಿನಾಂಕ 08-02-2019 ರಂದು ಬೆಳಿಗ್ಗೆ ನನ್ನ ತಂದೆಯವರ ತುಟಿ ನೀಲಿಯಾಗಿ, ನರ್ಸಮ್ಮ ಬಂದು ಸೂಜಿ ಹಾಕಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದರು. ನನ್ನ ತಂದೆ ಬರುವುದಿಲ್ಲ ಎಂದು ಗೋಡೆ ಕಡೆ ತಿರುಗಿ ಮಲಗಿದರು. ಡಬ್ಬಿ ಕೈಗೆ ಬರುವ ಮೊದಲೇ ಇವರು ಹೋಗಿಬಿಟ್ಟರೆ ನಾನು ಯಾರಿಗೆ ಅಂತ ತೋರಿಸುವುದು? ಲಾರಿಯ ಬಾಗಿಲಿನ ಮೇಲಂಚು ಆಗಲೇ ಕಂಡಿತ್ತು. ಮರುದಿನ 9ನೇ ತಾರೀಖು ಶನಿವಾರ ನಾನು ಒಂದು ಗೇಣು ಕಡಿದು ನಿಲ್ಲಿಸಲಿಲ್ಲ. ತಳದಲ್ಲಿ ಉಳಿಸಬೇಕಾದ ಗೇಣಿಗೂ ಕೈ ಹಾಕಿದೆ. ಪಿಕಾಸಿಯ ಸದ್ದು ಬದಲಾಯಿತು, ಒಳಗೆ ಪೊಳ್ಳು ಇದ್ದ ಹಾಗೆ ದಪ್ಪ ಸದ್ದು. ನಮ್ಮ ಕಸುಬಿನವರಿಗೆ ಆ ಸದ್ದು ಕೇಳಿದರೆ ಸಾಕು, ಕೈ ತಾನೇ ನಿಲ್ಲುತ್ತದೆ. ಮಕಾರ್ ಇವತ್ತಿಗೆ ಸಾಕು ಮಾರಾಯ, ಸದ್ದು ಸರಿ ಇಲ್ಲ ಎಂದು ಹೇಳಿದನು. ನಾನು ಬಾಯ್ಮುಚ್ಚು ಅಂದೆ. 12-20ಕ್ಕೆ ತಳ ಒಡೆದು ಕೆಸರು ನೀರು ಚಿಮ್ಮಿತು.

ನಾನು ಏಣಿ ಹತ್ತಿದೆ. ಮಕಾರನ ಎಡಗಾಲು ಮೊಣಕಾಲಿನವರೆಗೆ ನೀರಿನಲ್ಲಿ ಹೋಯಿತು. ಮೈನಸ್ 44ರಲ್ಲಿ ಒದ್ದೆ ಕಾಲು ಎಂದರೆ ಕಾಲು ಹೋಯಿತು ಅಂತಲೇ ಲೆಕ್ಕ. ಟೀಚರ್ ಕುರ್ಚಿಯಿಂದ ಎದ್ದು ಬಂದದ್ದು ನಾನು ನೋಡಲಿಲ್ಲ. ನೋಡುವಷ್ಟರಲ್ಲಿ ಅವನ ಬೂಟು ಕಿತ್ತೆಸೆದು, ಕಾಲ್ಚೀಲ ಹರಿದು, ತಮ್ಮ ಕೋಟಿನ ಗುಂಡಿ ಬಿಚ್ಚಿ, ಅವನ ಬರಿಗಾಲನ್ನು ಅಂಗಿಯೊಳಗೆ ತಮ್ಮ ಹೊಟ್ಟೆಗೆ ಒತ್ತಿಕೊಂಡು ಗಡ್ಡೆಯ ಮೇಲೇ ಕೂತಿದ್ದರು. ಎಪ್ಪತ್ನಾಲ್ಕು ವರ್ಷದ ಹೆಂಗಸು. ನಾನು ಓಡಿಹೋಗಿ ಹಿಮದ ಮೇಲೆ ಎಳೆಯುವ ಸ್ಲೆಡ್ಜು ತರಲು 14 ನಿಮಿಷ ಆಯಿತು. ಅಷ್ಟೂ ಹೊತ್ತು ಹಾಗೇ ಕೂತಿದ್ದರು. ಮಕಾರನಿಗೆ ಎರಡು ಉಗುರು ಹೋದವು, ಕಾಲು ಉಳಿಯಿತು.

ಅವನನ್ನು ಮನೆ ಸೇರಿಸಿ ಹೊರಗೆ ಬಂದಾಗ ಟೀಚರ್ ಬಾಗಿಲಲ್ಲಿ ನಿಂತು ನನಗೆ ಸರಿಯಾಗಿ ಉಗಿದರು. ಮೂವತ್ತೊಂದು ವರ್ಷ ಕಡಿದೆ ಅಂತೀಯಲ್ಲ, ಏನ್ ಕಡಿದೆ? ಮಣ್ಣು? ಅಂತ ಕೇಳಿದರು. ನಾನು ಎಂದೂ ಹಾಗೆ ಮಾಡಿದವನಲ್ಲ, ಅಪ್ಪ ಸಾಯ್ತಿದಾರೆ ಟೀಚರ್ ಎಂದು ಹೇಳಿಬಿಟ್ಟೆ. ಹೇಳಬೇಕು ಅಂತ ಹೇಳಿದ್ದಲ್ಲ. ಅವರು, ನಮ್ಮಪ್ಪನೂ ಸಾಯೋವರೆಗೆ ಒಂದೇ ಮಾತು ಹೇಳ್ತಿದ್ದ, ನಾನು ಕಳಿಸ್ಲಿಲ್ಲ, ನಾನು ಕಳಿಸ್ಲಿಲ್ಲ ಅಂತ, ಕೇಳೋಕೆ ಇದ್ದವಳು ನಾನೊಬ್ಬಳೇ, ನನಗಾಗ ಹದಿನಾರು ತುಂಬಿತ್ತು ಅಷ್ಟೇ ಎಂದು ಹೇಳಿದರು. ಇಬ್ಬರಲ್ಲಿ ಒಬ್ಬರು ಸುಳ್ಳು ಟೀಚರ್ ಎಂದೆ. ಹೌದು, ಒಬ್ಬರು ಸುಳ್ಳು, ಕಾಗದ ಸಿಕ್ಕ ದಿನ ಯಾರು ಸುಳ್ಳೋ ಆ ಮನೆಯವರು ಇನ್ನೊಂದು ಮನೆಗೆ ಬಂದು ತಪ್ಪಾಯ್ತು ಅನ್ನಬೇಕು, ಒಪ್ಪಿಗೆನಾ ಅಂತ ಕೈ ಚಾಚಿದರು. ನಾನು ಒಪ್ಪಿ ಕೈ ಕೊಟ್ಟೆನು. ಗೆಲ್ಲುವುದು ನಾನೇ ಎಂದು ನನಗೆ ಆಗ ಕೊಂಚವೂ ಅನುಮಾನ ಇರಲಿಲ್ಲ.

ನೀರು ತುಂಬಿದ ಹೊಂಡ ಮತ್ತೆ ಗಟ್ಟಿಯಾಗಲು ಏಳು ದಿನ ಹಿಡಿಯಿತು. ಆ ಏಳು ದಿನ ನಾನು ಮನೆಯಲ್ಲಿ ಕೂರಲಾರದೆ ದಿನಕ್ಕೆ ಐದಾರು ಸಲ ಕೆರೆಗೆ ಹೋಗಿ ಗಡ್ಡೆ ತಟ್ಟಿ ನೋಡಿ ಬರುತ್ತಿದ್ದೆನು. ನನ್ನ ತಂದೆ ಹಾಸಿಗೆಯಿಂದ ನೋಡಿ, ಬಾಲ ಸುಟ್ಟ ಬೆಕ್ಕಿನ ಹಾಗೆ ಆಡ್ತೀಯಲ್ಲೋ, ಕೂತ್ಕೋ ಅನ್ನುತ್ತಿದ್ದರು. 16ರಿಂದ ಮತ್ತೆ ಕಡಿತ ಶುರು ಮಾಡಿದೆನು. ಈ ಸಲ ಒಂದು ಗೇಣು ಎಂದರೆ ಒಂದೇ ಗೇಣು.

ದಿನಾಂಕ 06-03-2019, ಬುಧವಾರ, ಮಧ್ಯಾಹ್ನ 12-35ಕ್ಕೆ ಡ್ರೈವರ್ ಕಡೆಯ ಬಾಗಿಲು ಪೂರ್ತಿ ಬಿಡುಗಡೆಯಾಯಿತು. ಅದು ಹಗ್ಗದಲ್ಲಿ ಹಿಂದಕ್ಕೆ ಕಟ್ಟಿಯೇ ಇತ್ತು, ಹಗ್ಗವೂ ಇತ್ತು. ಒಳಗೆ ಕಪ್ಪು ಗಡ್ಡೆ. ಸೀಟಿನ ಕೆಳಗೆ ಉಳಿಯಿಂದ ಕೆತ್ತಿದೆ. 12-50ಕ್ಕೆ ತಗಡಿನ ಚಹಾ ಡಬ್ಬಿ ಕೈಗೆ ಬಂತು. ಮುಚ್ಚಳದ ಸುತ್ತ ಲಾರಿಯ ಗ್ರೀಸು ಮೆತ್ತಿತ್ತು. ಒದ್ದೆಯಾಗಬಾರದ ಕಾಗದವನ್ನು ಡ್ರೈವರುಗಳು ಹಾಗೇ ಇಡುತ್ತಿದ್ದರು. ನನ್ನ ತಂದೆ ಇವತ್ತಿಗೂ ತಮ್ಮ ಪಿಂಚಣಿ ಪುಸ್ತಕವನ್ನು ಹಾಗೇ ಗ್ರೀಸು ಮೆತ್ತಿದ ಡಬ್ಬಿಯಲ್ಲಿ ಇಡುತ್ತಾರೆ. ಡಬ್ಬಿಯನ್ನು ಕೋಟಿನೊಳಗೆ ಹಾಕಿಕೊಂಡೆನು. ಟೀಚರ್ ಮೇಲಿನಿಂದ ನೋಡಿದರು. ಏನದು, ತೋರಿಸು, ಇಲ್ಲೇ ತೆಗಿ ಎಂದರು. ಮೊದಲು ನಮ್ಮಪ್ಪ ನೋಡಲಿ ಟೀಚರ್, ಸಂಜೆ ನಿಮ್ಮ ಮನೆಗೆ ತರ್ತೀನಿ ಎಂದು ಹೇಳಿ ಓಡಿದೆನು. ತರುತ್ತೇನೆ ಎಂದು ಹೇಳಿದ್ದು ನಿಜ. ತರಲಿಲ್ಲ ಎಂಬುದೂ ನಿಜ.

ಮನೆಯಲ್ಲಿ ಒಲೆಯಿಂದ ದೂರ ಇಟ್ಟು ನಿಧಾನಕ್ಕೆ ಕರಗಿಸಿ, ಮಧ್ಯಾಹ್ನ 3-10ಕ್ಕೆ ಚಾಕುವಿನಿಂದ ಮುಚ್ಚಳ ತೆಗೆದೆನು. ಒಳಗೆ ಒಂದು ಲೈಸೆನ್ಸು, ಅರ್ಧ ಸೇದಿದ ಸಿಗರೇಟು, ನಾಲ್ಕು ಮಡಿಕೆಯ ಒಂದು ಕಾಗದ. ಕಾಗದ ಒಣಗಿಯೇ ಇತ್ತು. ನನ್ನ ತಂದೆಯ ಮುಂದೆ ಗಟ್ಟಿಯಾಗಿ ಓದಿದೆನು. ಅದರಲ್ಲಿದ್ದದ್ದು ಅಕ್ಷರಶಃ ಹೀಗೆ: ಆದೇಶ. ಚಾಲಕ ಸ್ಪಿರಿದೋನ್ ತರಬೂಕಿನ್ ಇವರು 11-05-1958 ರಂದು ಕೆರೆಯ ಮೇಲಿನ ದಾರಿಯಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿಬರತಕ್ಕದ್ದು. ಕಾರಣ, ವಸತಿ ಶಾಲೆಯಲ್ಲಿರುವ ಮಗಳು ಅಗಾಫ್ಯಾಳಿಗೆ ತೀವ್ರ ಕಾಯಿಲೆ ಎಂದು ಅವಳಿಂದ ಪತ್ರ ಬಂದಿದ್ದು, ಅವಳನ್ನು ಕರೆತರುವುದು. ಅಧ್ಯಕ್ಷ ಯೆ. ವಿನಕೂರೊವ್. ಕೆಳಗೆ ಸಂಘದ ಮೊಹರು.

ನಾನು ಕೂಗಿಬಿಟ್ಟೆ. ಬರೆದಿದಾನೆ ಅಪ್ಪಾ! ಸಹಿ ಹಾಕಿದಾನೆ! ಎಂದು ಕೂಗಿ, ಆ ಕ್ಷಣವೇ 22ನೇ ಮನೆಗೆ ಹೋಗಿ ಕಾಗದವನ್ನು ಅವರ ಮುಖಕ್ಕೆ ಹಿಡಿಯಬೇಕೆಂದು ಒಂದು ಬೂಟು ಹಾಕಿಕೊಂಡೆ. ಆಗ ನನ್ನ ತಂದೆ, ಓದಿದ್ದಾಯ್ತಲ್ಲ, ಇನ್ನು ಒಲೆಗೆ ಹಾಕು ಎಂದು ಹೇಳಿದರು. ನನಗೆ ತಲೆ ಕೆಟ್ಟುಹೋಯಿತು. ಅವರೇ ಮುಂದುವರಿದು ಹೇಳಿದ್ದೇನೆಂದರೆ, ಅದು ಯೆಫ್ರೇಮ್ ಬರೆದಿದ್ದಲ್ಲ ಕಣೋ. ಅವನು ಊರಲ್ಲೇ ಇರಲಿಲ್ಲ. ಅವನ ಹೆಂಡತಿ ಬರೆದಿದ್ದು. ಕಚೇರಿ ಬೀಗದ ಕೈ ಅವರ ಹತ್ರಾನೇ ಇತ್ತು. ದಾರಿ ಮುಚ್ಚಿದೆ, ಆದೇಶ ಇಲ್ದೆ ನಾನು ಗಾಡಿ ತೆಗೆಯಲ್ಲ ಅಂದೆ. ಆದೇಶ ತಾನೇ ಬೇಕು ಅಂತ ನನ್ನ ಕಣ್ಣೆದುರಿಗೇ ಬರೆದು, ಗಂಡನ ಹೆಸರು ಹಾಕಿ, ಮೊಹರು ಒತ್ತಿ ಕೊಟ್ರು. ಅಳ್ತಾ ಇದ್ರು ಕಣೋ. ಕೈಲಿ ಆ ಹುಡುಗಿಯ ಪತ್ರ ಇತ್ತು. ನಾನು ಆಗಲ್ಲ ಅನ್ನಬಹುದಿತ್ತು, ಅನ್ನಲಿಲ್ಲ.

ಹಾಗಾದರೆ ಕೋರ್ಟಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆನು. ಏನಂತ ಹೇಳ್ಲಿ? ನಿಮ್ಮಮ್ಮ ಕಳ್ಳ ಸಹಿ ಹಾಕಿ, ನಿನ್ನನ್ನ ಕರ್ಕೊಂಡು ಬರೋಕೆ ಹೋಗಿ ಮುಳುಗಿದ್ಲು ಅಂತ ಹದಿಮೂರು ವರ್ಷದ ಹುಡುಗಿಗೆ ಹೇಳ್ಲಾ? ಆದೇಶ ಇತ್ತು ಅಂದೆ, ಯಾರದು ಅಂತ ಹೇಳಲಿಲ್ಲ. ಯೆಫ್ರೇಮಂದು ಅಂದಿದ್ದು ಊರು. ಜೈಲಿಂದ ಬಂದ ಮೇಲೆ ಅವನೊಬ್ಬನನ್ನೇ ಕರೆದು ಹೇಳೋಣ ಅಂದ್ಕೊಂಡಿದ್ದೆ. ಬರೋ ಹೊತ್ತಿಗೆ ಅವನೇ ಇರಲಿಲ್ಲ ಎಂದು ಹೇಳಿದರು. ಇಷ್ಟು ಹೇಳಿ ಅವರಿಗೆ ಉಸಿರು ಸಾಲದೆ ನಾನು ದಿಂಬು ಎತ್ತರಿಸಿದೆನು. ಒಂದು ಬೂಟಿನಲ್ಲೇ ಎಷ್ಟೋ ಹೊತ್ತು ಕೂತಿದ್ದೆ. ಹುಟ್ಟಿದಾಗಿನಿಂದ ಆ ಮನುಷ್ಯನ ಹೆಸರು ಕೇಳಿದರೆ ನಾವು ಉಗಿಯುತ್ತಿದ್ದೆವು. ನಮ್ಮಮ್ಮ ಉಗಿಯುತ್ತಿದ್ದಳು, ನಾನೂ ಕಲಿತೆ. ಉಗಿಯದೆ ಇದ್ದವರು ನನ್ನ ತಂದೆ ಒಬ್ಬರೇ ಎಂಬುದು ನನಗೆ ಆವತ್ತು ಹೊಳೆಯಿತು.

ಆ ಸಂಜೆ ನಾನು ಟೀಚರ್ ಮನೆಗೆ ಹೋಗಲಿಲ್ಲ. 7ರಂದು ಬೆಳಿಗ್ಗೆ 9-30ಕ್ಕೆ ಅವರು ಗೇಟಿಗೆ ಬಂದು ಕೇಳಿದರು. ಡಬ್ಬಿಯಲ್ಲಿ ಏನೂ ಇರಲಿಲ್ಲ ಎಂದೆ. ಸುಳ್ಳು ಹೇಳೋವಾಗ ಮೊದಲಿನ ಹಾಗೇ ಕಿವಿ ಕೆಂಪಾಗುತ್ತೆ ನಿಂಗೆ ಎಂದು ಹೇಳಿ ಹೋದರು. 8ನೇ ತಾರೀಖು ಮಹಿಳಾ ದಿನ, ಹಳೇ ವಿದ್ಯಾರ್ಥಿಗಳೆಲ್ಲ ಹೂ ಹಿಡಿದುಕೊಂಡು ಅವರ ಮನೆಗೆ ಹೋದರು, ನಾನು ಪರದೆ ಎಳೆದುಕೊಂಡು ಒಳಗಿದ್ದೆ. 11ರಂದು ಮತ್ತೆ ಬಂದು, ನಮ್ಮಪ್ಪ ನಿರಪರಾಧಿ ಅಂತ ಆ ಕಾಗದದಲ್ಲಿದೆ, ಅದಕ್ಕೇ ಬಚ್ಚಿಟ್ಟಿದೀಯ, ನಿನ್ನ ಕೈ ಹಿಡಿದು ಮಾತು ತಗೊಂಡಿದ್ದೆ, ನಾಚಿಕೆ ಆಗಲ್ವಾ ಎಂದು ಬೀದಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. 12ರಂದು ಅವರು ದೂರು ಕೊಟ್ಟಿರುತ್ತಾರೆ.

ಅಕ್ಷರ ತಾಯಿಯದಾಗಿ ಕಾಗದ ಅವರ ತಂದೆಯ ಪರವಾಗಿಯೇ ಇದ್ದರೆ ಕೊಡಲು ನಿನಗೇನು ಕಷ್ಟ ಎಂದು ತಾವು ಕೇಳಿದಿರಿ. ಕಾರಣ ಅನ್ನುವ ಸಾಲು ಇದೆಯಲ್ಲ ಸಾಹೇಬರೇ, ಆ ಸಾಲಿನಲ್ಲಿ ಅವರ ಹೆಸರಿದೆ. ಅಪ್ಪನ ಕಳಂಕ ತೊಳೆಯಬೇಕೆಂದು ಎರಡು ತಿಂಗಳು ಆ ಚಳಿಯಲ್ಲಿ ಕೂತರು. ಅಪ್ಪ ತಪ್ಪು ಮಾಡಿಲ್ಲ, ಅಮ್ಮ ಸತ್ತಿದ್ದು ನಿಮ್ಮ ಪತ್ರದಿಂದ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಮಕಾರನ ಕಾಲನ್ನು ಹೊಟ್ಟೆಗೆ ಒತ್ತಿಕೊಂಡ ಹೆಂಗಸಿಗೆ? ಎಂಟು ದಿನ ಒಲೆಯ ಮುಂದೆ ಕಾಗದ ಹಿಡಿದು ನಿಂತಿದ್ದೇನೆ, ಹಾಕಲು ಕೈ ಬಂದಿಲ್ಲ. ಸುಟ್ಟರೆ ಯೆಫ್ರೇಮ್ ವಿನಕೂರೊವ್ ಎಂದೆಂದಿಗೂ ಸುಳ್ಳ. ಅವರು ಸುಳ್ಳರಲ್ಲ. ನನ್ನ ತಂದೆಯೂ ಸುಳ್ಳರಲ್ಲ. ತಪ್ಪಾಯ್ತು ಅನ್ನಬೇಕಾದವರು ಯಾವ ಮನೆಯವರು ಎಂದು ನನಗೆ ಈಗಲೂ ಬಗೆಹರಿದಿಲ್ಲ. ನಾವೇ ಇರಬೇಕು.

ಇಂದು ಬೆಳಿಗ್ಗೆ 8-00 ಗಂಟೆಗೆ ನನ್ನ ತಂದೆಗೆ ಠಾಣೆಯಿಂದ ಕರೆ ಬಂದಿದೆ ಎಂದು ತಿಳಿಸಿದೆನು. ಅವರು, ಕೊಟ್ಟುಬಿಡು ಗವ್ರೀಲ್, ಅವಳಿಗೂ ಎಪ್ಪತ್ನಾಲ್ಕಾಯ್ತು, ನಾನಿನ್ನೂ ಅವಳನ್ನ ಹುಡುಗಿ ಅಂದ್ಕೊಂಡೇ ಕೂತಿದೀನಿ ಎಂದು ಹೇಳಿದರು. ಅವಳಪ್ಪನ ವಿಷಯದಲ್ಲಿ ನಾನು ಬಾಯಿ ಮುಚ್ಕೊಂಡಿದ್ದು ತಪ್ಪು, ನಡೆಯೋಕೆ ಆಗಿದ್ರೆ ನಾನೇ ಬರ್ತಿದ್ದೆ ಅಂತ ಹೇಳು ಎಂದೂ ಹೇಳಿದರು. ಅದನ್ನು ಇಲ್ಲಿ ಹೇಳಿದ್ದೇನೆ.

ಡಬ್ಬಿ, ಲೈಸೆನ್ಸು, ಸಿಗರೇಟು ಮತ್ತು ಕಾಗದ ಈ ಮೇಜಿನ ಮೇಲಿಟ್ಟಿದ್ದೇನೆ. ಲಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ್ದರಿಂದ ಡಬ್ಬಿ ತೆಗೆದದ್ದಕ್ಕೆ ಏನು ದಂಡನೆಯೋ ಅದಕ್ಕೆ ಒಪ್ಪಿಗೆ ಇದೆ. ದೂರುದಾರರಿಗೆ ಈ ಹೇಳಿಕೆಯನ್ನು ಓದುವ ಹಕ್ಕಿದೆ ಎಂದು ತಾವು ಈಗ ತಿಳಿಸಿದಿರಿ. ಹಾಗಾದರೆ ಆ ಕಾರಣದ ಭಾಗ ಹೊಡೆದುಹಾಕಿ ಎಂದು ಕೇಳಿದೆ, ಬರೆದದ್ದನ್ನು ಹೊಡೆಯುವ ಹಾಗಿಲ್ಲ ಎಂದಿರಿ. ಸರಿ. ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ನನ್ನದೊಂದು ಕೋರಿಕೆ, ತಾವು ಗಟ್ಟಿಯಾಗಿ ಓದಿ ಹೇಳಬೇಡಿ, ಕಾಗದವನ್ನು ಅವರ ಕೈಗೇ ಕೊಡಿ. ಓದುವಾಗ ಅವರ ಹತ್ತಿರ ಯಾರಾದರೂ ಇರಲಿ. ನಾನು ಇರಬಹುದು ಎಂದು ಅವರು ಅಂದರೆ ನಾನೇ ಇರುತ್ತೇನೆ.

ಇದಿಷ್ಟು ನಾನು ಬಾಯಲ್ಲಿ ಹೇಳಿ ಬರೆಸಿದ್ದು, ನನಗೆ ಓದಿ ಹೇಳಲಾಗಿ ನನ್ನ ಮಾತಿನಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ತಿತ್ತೆಖ್
ದಿನಾಂಕ: 14-03-2019, ಮಧ್ಯಾಹ್ನ 1-25
ಸಹಿ: ಗ. ತರಬೂಕಿನ್

ದೂರುದಾರರು ಅದೇ ದಿನ ಮಧ್ಯಾಹ್ನ 2-40ಕ್ಕೆ ಇದೇ ಹಾಳೆಯ ಕೆಳಗೆ ಸ್ವಂತ ಕೈಯಿಂದ ಬರೆದದ್ದು:

ಮೇಲಿನ ಹೇಳಿಕೆಯನ್ನು ಓದಿರುತ್ತೇನೆ. ಡಬ್ಬಿಯಲ್ಲಿದ್ದ ಕಾಗದವನ್ನು ನೋಡಿರುತ್ತೇನೆ. ಅಕ್ಷರ ನನ್ನ ತಾಯಿಯದು. ಗವ್ರೀಲನ ಮೇಲಿನ ದೂರನ್ನು ವಾಪಸು ತೆಗೆದುಕೊಂಡಿರುತ್ತೇನೆ. ಆದೇಶದಲ್ಲಿ ಬರೆದಿರುವ ಕಾರಣ ಸರಿಯಲ್ಲ. ಆಗ ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಮನೆಗೆ ಹೋಗಬೇಕು ಅನ್ನಿಸಿತ್ತು, ಅದಕ್ಕೆ ಹಾಗೆ ಬರೆದಿದ್ದೆ.

ಸಹಿ: ಅ. ವಿನಕೂರೊವಾ